ಕೃಷ್ಣಾತೀರದ ಹವಳ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ತಾಲ್ಲೂಕುಗಳು ಬೆಳಗಾವಿ ಜಿಲ್ಲೆಯ ಉತ್ತರದಂಚಿನಲ್ಲಿ, ಕೃಷ್ಣೆಯನ್ನೂ ದೂಧಗಂಗೆ ವೇದಗಂಗೆಗಳನ್ನೂ ನೆಚ್ಚಿಕೊಂಡು, ಜೋಳ, ಕಬ್ಬು, ತಂಬಾಕುಗಳನ್ನು ಬೆಳೆಯುತ್ತ ಬಂದಿರುವ ನಾಡು. ಸಮುದ್ರವು ಇಲ್ಲಿಗೆ ಅತಿ ಸಮೀಪದ ದಾರಿಯಲ್ಲಿಯೂ ನೂರು ಕಿಲೋಮೀಟರಿಗೆ ಕಡಿಮೆಯಿಲ್ಲ. ಆ ನೂರರ ನಡುವೆ ಸಹ್ಯಾದ್ರಿಯ ಗೋಡೆ ಬೇರೆ. ಹೀಗಿದ್ದೂ ಈ ಸೀಮೆಯ ಹಳೆಯ ಮನೆತನಗಳಲ್ಲಿ ಹೆಣ್ಣುಮಕ್ಕಳ ಒಡವೆಯ ಪೆಟ್ಟಿಗೆಯನ್ನು ತೆರೆದು ನೋಡಿದರೆ, ಬೋರಮಾಳ ಗುಂಡಿನ ಟೀಕಿಗಳ ಜೊತೆಯಲ್ಲಿ, ಕರಿಮಣಿಯ ಸಾಲಿನಲ್ಲಿ ತಾಳಿಯ ಎಡಬಲಕ್ಕೆ, ಬಂಗಾರದ ಗುಂಡುಗಳ ಸಂದಿನಲ್ಲಿ, ಕೆಂಪು ಹವಳವು ಕಾಣದಿರುವುದು ಅಪರೂಪ. ಕಡಲನ್ನೇ ಕಾಣದೆ ಬಾಳಿ ಮುಗಿಸಿದ ಅಜ್ಜಿಯರ ಕೊರಳಿಗೆ ಕಡಲಿನ ಈ ವಸ್ತುವು ಎಲ್ಲಿಂದ, ಯಾವ ದಾರಿಯಿಂದ, ಯಾರ ಕೈಯಿಂದ ಬಂದಿತು? ಮನೆಯೊಳಗಿನ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ ಜೀವಂತವಾದ ಹವಳವನ್ನೇ ಬಣ್ಣಗೆಡದಂತೆ ಸಾಕಬೇಕೆಂಬ ಹೊಸ ಹವ್ಯಾಸವು ದೇಶದ ಪಟ್ಟಣಗಳಲ್ಲಿ ಹಬ್ಬುತ್ತಿರುವ ಈ ಕಾಲದಲ್ಲಿ, ಹವಳದ ಬಣ್ಣವನ್ನು ಕಾಪಾಡುವ ವಿದ್ಯೆಯ ಹಳೆಯ ಅಧ್ಯಾಯವೊಂದು ಈ ಒಳನಾಡಿನಲ್ಲಿಯೂ ಉಂಟೆಂಬುದನ್ನು ನೆನೆಯುವುದು ಅಪ್ರಸ್ತುತವಾಗಲಾರದು.

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಮ್ಮ ಆಭರಣದ ಹವಳವು ನಮ್ಮ ಸಮುದ್ರದ್ದಲ್ಲ. ಅರಬ್ಬೀ ಸಮುದ್ರದಲ್ಲಿಯೂ ಮನ್ನಾರ್ ಖಾರಿಯಲ್ಲಿಯೂ ಹವಳದ ಜೀವಿಗಳು ಯಥೇಚ್ಛವಾಗಿದ್ದರೂ, ಕಡೆದು ಮೆರುಗು ಕೊಟ್ಟು ಮಣಿಯಾಗಿಸಬಲ್ಲ, ಒಳಗೂ ಹೊರಗೂ ಏಕಪ್ರಕಾರವಾಗಿ ಕೆಂಪಾದ ಗಟ್ಟಿ ಹವಳವು ಪ್ರಾಚೀನಕಾಲದಿಂದ ದೊರೆಯುತ್ತ ಬಂದುದು ಮೆಡಿಟರೇನಿಯನ್ ಸಮುದ್ರದಲ್ಲಿ, ಸಾರ್ಡೀನಿಯ, ಕಾರ್ಸಿಕ, ಸಿಸಿಲಿ, ಟ್ಯುನೀಸಿಯಗಳ ಕರಾವಳಿಯ ಕತ್ತಲೆಗವಿಗಳಲ್ಲಿ. ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿ ರೋಮಿನ ಪ್ಲಿನಿಯು, ತನ್ನ ದೇಶದವರು ಭಾರತದ ಮುತ್ತಿಗೆ ಎಷ್ಟು ಬೆಲೆ ಕೊಡುವರೋ ಭಾರತೀಯರು ಹವಳಕ್ಕೆ ಅಷ್ಟೇ ಬೆಲೆ ಕೊಡುವರೆಂದೂ, ಈ ಬೇಡಿಕೆಯ ದೆಸೆಯಿಂದ ಹವಳವು ಹುಟ್ಟಿದ ನಾಡಿನಲ್ಲಿಯೇ ದುರ್ಲಭವಾಯಿತೆಂದೂ ಬರೆದಿಟ್ಟಿದ್ದಾನೆ. ಅದೇ ಶತಮಾನದ ಗ್ರೀಕ್ ನಾವಿಕನೊಬ್ಬನ ಕೈಪಿಡಿಯಾದ ‘ಪೆರಿಪ್ಲಸ್’ ಭರುಕಚ್ಛದಲ್ಲಿ ಇಳಿಯುವ ಸರಕುಗಳ ಪಟ್ಟಿಯಲ್ಲಿ ಹವಳವನ್ನು ಹೇಳುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರವು ರಾಜಕೋಶಕ್ಕೆ ಸೇರತಕ್ಕ ರತ್ನಗಳನ್ನು ವಿವರಿಸುವಾಗ ‘ಆಲಕಂದಕ’ವೆಂಬ ಹವಳವನ್ನು ಹೆಸರಿಸಿ (ಇದು ಅಲೆಕ್ಸಾಂಡ್ರಿಯದ ಹೆಸರಿನ ರೂಪಾಂತರವೆಂದು ವಿದ್ವಾಂಸರ ಊಹೆ), ಹುಳು ತಿಂದದ್ದನ್ನೂ ನಡುವೆ ಉಬ್ಬಿದ್ದನ್ನೂ ಬಿಟ್ಟು ಕೆಂಪಾದುದನ್ನು ಆರಿಸಬೇಕೆಂದು ವಿಧಿಸುತ್ತದೆ. ಆಯ್ಕೆಯ ಈ ನಿಯಮವನ್ನು ಇಂದಿನ ಪತ್ತಾರನೂ ಅಲ್ಲಗಳೆಯಲಾರ.

ಇನ್ನು ದಾರಿಯ ವಿಚಾರ. ನಿಪ್ಪಾಣಿಯಿಂದ ಪಶ್ಚಿಮಕ್ಕೆ ರಾಧಾನಗರಿ, ಫೋಂಡಾ ಘಟ್ಟಗಳನ್ನು ಹಾದು ದೇವಗಡದ ಕಡೆಗೂ, ಸಂಕೇಶ್ವರದಿಂದ ಆಜರೆ, ಅಂಬೋಲಿಗಳ ಮೇಲೆ ಸಾವಂತವಾಡಿಗೂ ಇಂದು ಮೋಟಾರು ಓಡುವ ರಸ್ತೆಗಳು ಇದ್ದಕ್ಕಿದ್ದಂತೆ ಹುಟ್ಟಿದವಲ್ಲ. ಎತ್ತುಗಳ ಬೆನ್ನಿನ ಮೇಲೆ ಉಪ್ಪು, ತೆಂಗು, ಅಡಕೆ, ಕೊಬ್ಬರಿಗಳು ಘಟ್ಟವೇರಿಯೂ, ಅರಿವೆ, ಧಾನ್ಯ, ಬೆಲ್ಲಗಳು ಘಟ್ಟವಿಳಿದೂ ಶತಮಾನಗಳ ಕಾಲ ಸವೆಸಿದ ಜಾಡುಗಳನ್ನೇ ಬಹುಮಟ್ಟಿಗೆ ಅವು ಹಿಡಿದು ಹೋಗುತ್ತವೆ. ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಈ ಜಾಡುಗಳ ಎರಡು ತುದಿಗಳಲ್ಲಿ ಎರಡು ಮಹಾನಗರಗಳಿದ್ದುವು: ಕಡಲ ಕಡೆಗೆ ಪೋರ್ತುಗೀಜರ ಗೋವೆ, ನೆಲದ ಕಡೆಗೆ ಆದಿಲಶಾಹಿಯ ವಿಜಾಪುರ. ನಮ್ಮ ಐದು ತಾಲ್ಲೂಕುಗಳು ಈ ಎರಡರ ನಡುವಣ ಪಥದ ಮೇಲೆ ಬಿದ್ದಿರುವುದೇ ಅವುಗಳ ಹವಳದ ಚರಿತ್ರೆಗೆಲ್ಲ ಮೂಲಕಾರಣ. 1638–39ರಲ್ಲಿ ಭಾರತದಲ್ಲಿ ಸಂಚರಿಸಿದ ಜರ್ಮನ್ ಪ್ರವಾಸಿ ಮ್ಯಾಂಡೆಲ್ಸ್ಲೋನ ಗ್ರಂಥವು ಅಥಣಿಯನ್ನು ಗೋವೆ ವಿಜಾಪುರಗಳ ನಡುವಿನ ದೊಡ್ಡ ವ್ಯಾಪಾರಸ್ಥಳವೆಂದು ವರ್ಣಿಸುತ್ತದೆ. ರಟ್ಟರ ಕಾಲದ ಶಾಸನಗಳನ್ನೂ ಬಸದಿಯನ್ನೂ ಹೊತ್ತು ಅದಾಗಲೇ ವೃದ್ಧವಾಗಿದ್ದ ರಾಯಬಾಗವು ಮೆಣಸಿನ ಪೇಟೆಯೆಂದು ಖ್ಯಾತವಾಗಿತ್ತು. 1649ರ ಸುಮಾರಿಗೆ ರಾಜಾಪುರದಲ್ಲಿ ಕೋಠಿಯನ್ನು ತೆರೆದ ಇಂಗ್ಲಿಷ್ ಕಂಪನಿಯ ಗುಮಾಸ್ತರು ಮೆಣಸನ್ನರಸಿ ಘಟ್ಟ ಹತ್ತಿ ರಾಯಬಾಗದವರೆಗೆ ಬರುತ್ತಿದ್ದರು.

ಆದರೆ ಮೆಣಸನ್ನು ಕೊಳ್ಳಬೇಕಾದರೆ ಪ್ರತಿಯಾಗಿ ಕೊಡುವುದಕ್ಕೆ ಏನಾದರೂ ಬೇಕಷ್ಟೆ. ಯುರೋಪಿನ ಉಣ್ಣೆಯ ಬಟ್ಟೆಯು ಈ ಬಿಸಿಲಿನಲ್ಲಿ ಯಾರಿಗೂ ಬೇಡವಾಗಿತ್ತು. ಬೆಳ್ಳಿಯನ್ನು ಹೊರಗೆ ಕಳುಹುವುದು ಅವರ ಸ್ವದೇಶದಲ್ಲಿ ನಿಂದೆಗೆ ಗುರಿಯಾಗುತ್ತಿತ್ತು. ನಮ್ಮ ಜನ ನಿಜವಾಗಿ ಬಯಸಿದ ಪಶ್ಚಿಮದ ಕೆಲವೇ ಸರಕುಗಳಲ್ಲಿ ಪಾದರಸ, ಇಂಗುಲಿಕ, ದಂತಗಳ ಸಾಲಿಗೆ ಸೇರಿದುದು ಹವಳ. ಕಂಪನಿಯವರು ಸೂರತಿನಲ್ಲಿ ಹವಳವನ್ನು ಇಳಿಸತೊಡಗಿದಾಗ, ಆ ವರೆಗೆ ಕೆಂಪು ಸಮುದ್ರದ ದಾರಿಯಾಗಿ ಅದನ್ನು ತರಿಸಿ ಲಾಭ ಗಳಿಸುತ್ತಿದ್ದ ಅಲ್ಲಿನ ವರ್ತಕರು ತಮ್ಮ ಅನ್ನಕ್ಕೆ ಕಲ್ಲು ಬಿತ್ತೆಂದು ಪ್ರತಿಭಟಿಸಿದರು. ಗೋವೆಯ ದಾರಿ ಇದಕ್ಕಿಂತಲೂ ರೋಚಕವಾದುದು. ಇಟಲಿಯ ಲಿವೋರ್ನೊ ನಗರದ ಯೆಹೂದಿ ವರ್ತಕರು ಹವಳವನ್ನು ಲಿಸ್ಬನ್ನಿಗೆ, ಅಲ್ಲಿಂದ ಪೋರ್ತುಗೀಜ್ ನೌಕೆಗಳಲ್ಲಿ ಗೋವೆಗೆ ಕಳುಹುತ್ತಿದ್ದರು. ಗೋವೆಯಲ್ಲಿ ಅದನ್ನು ಬಿಡಿಸಿಕೊಂಡು, ಪ್ರತಿಯಾಗಿ ದಖ್ಖಣದ ವಜ್ರಗಳನ್ನು ಕೊಟ್ಟು ಕಳುಹುತ್ತಿದ್ದವರು ಗೌಡಸಾರಸ್ವತ ವರ್ತಕರು. ಹದಿನೆಂಟನೆಯ ಶತಮಾನದಲ್ಲಿ ಲಿವೋರ್ನೊದ ಎರ್ಗಾಸ್ ಮತ್ತು ಸಿಲ್ವೆರಾ ಎಂಬ ಪಾಲುದಾರಿಕೆಯವರೂ ಗೋವೆಯ ಗೋಪಾಲ ಮತ್ತು ನೀಲಕಂಠ ಕಾಮತರೂ, ಪರಸ್ಪರ ಮುಖವನ್ನೇ ಕಾಣದೆ, ಧರ್ಮ ಭಾಷೆ ನ್ಯಾಯಾಲಯಗಳಲ್ಲಿ ಒಂದೂ ಸಮಾನವಾಗಿರದೆ, ಕೇವಲ ಪತ್ರವ್ಯವಹಾರದ ವಿಶ್ವಾಸದ ಮೇಲೆ ವರ್ಷಾನುವರ್ಷ ಹವಳವನ್ನು ವಜ್ರಕ್ಕೆ ಬದಲಾಯಿಸಿಕೊಂಡರು. ಒಂದು ಕಾಗದಕ್ಕೆ ಉತ್ತರ ಬರಲು ವರುಷಗಳೇ ಹಿಡಿಯುತ್ತಿದ್ದ ಆ ಕಾಲದ ವರ್ತಕರ ತಾಳ್ಮೆಯು ಈಗಿನವರಿಗೆ ಪುರಾಣದಂತೆ ಕೇಳಿಸಬಹುದು.

ಗೋವೆಯಿಂದ ಮೇಲೆ ಬಂದ ಹವಳದಲ್ಲಿ ಯಾವ ಪಾಲು ರಾಯಬಾಗದಲ್ಲಿ ಉಳಿಯಿತು, ಯಾವುದು ಅಥಣಿಯನ್ನು ದಾಟಿ ವಿಜಾಪುರಕ್ಕೆ ಹೋಯಿತು ಎಂದು ತೂಕಹಾಕಿ ಹೇಳುವುದು ಚರಿತ್ರಕಾರನ ಕೆಲಸವಲ್ಲ. ದಾರಿಯ ಊರಿಗೆ ದಾರಿಯ ಸರಕು ದಕ್ಕುತ್ತದೆಯೆಂಬುದು ಲೋಕದ ನಡವಳಿ. ಅದೇ ದಾರಿಯಲ್ಲಿ ಪೋರ್ತುಗೀಜರಿಂದ ಬಂದ ಮತ್ತೊಂದು ವಸ್ತುವಿನ ಕಥೆ ಇದಕ್ಕೆ ಸಾಕ್ಷಿ. ಸುಮಾರು 1604ರಲ್ಲಿ ವಿಜಾಪುರಕ್ಕೆ ಬಂದಿದ್ದ ಅಕ್ಬರನ ರಾಯಭಾರಿ ಅಸದ್ ಬೇಗನು ಅಲ್ಲಿ ತಂಬಾಕನ್ನು ಮೊತ್ತಮೊದಲು ಕಂಡು, ಬೆರಗಾಗಿ, ಬಾದಶಹನಿಗೆ ಕಾಣಿಕೆಯಾಗಿ ಒಯ್ದನು. ಇಂದು ನಿಪ್ಪಾಣಿಯ ಹೆಸರೆತ್ತಿದರೆ ತಂಬಾಕಿನ ಪೇಟೆಯೇ ಕಣ್ಣಮುಂದೆ ಬರುತ್ತದೆ. ಬಂದ ಸರಕುಗಳಲ್ಲಿ ಒಂದು ಇಲ್ಲಿನ ನೆಲದಲ್ಲಿ ಬೇರೂರಿತು, ಮತ್ತೊಂದು ಇಲ್ಲಿನ ಹೆಂಗಸರ ಕೊರಳಿನಲ್ಲಿ ನೆಲೆಸಿತು. 1661ರಲ್ಲಿ ಶಿವಾಜಿಯು ರಾಜಾಪುರದ ಮೇಲೆರಗಿ ಇಂಗ್ಲಿಷರನ್ನು ಸೆರೆಹಿಡಿದನು. 1679ರಲ್ಲಿ ಮೊಗಲ ಸೇನಾನಿ ದಿಲೇರಖಾನನು ಅಥಣಿಯನ್ನು ಸೂರೆಗೊಂಡನು. 1686ರಲ್ಲಿ ವಿಜಾಪುರವೇ ಬಿದ್ದಿತು. ರಾಜ್ಯಗಳು ಕೈಬದಲಾದುವು: ನಿಪ್ಪಾಣಿಯಲ್ಲಿ ದೇಸಾಯರು ಮೆರೆದರು, ರಾಯಬಾಗವು ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿ 1949ರ ವರೆಗೂ ಅಲ್ಲಿಯೇ ಉಳಿಯಿತು. ಮದುವೆಗಳಂತೂ ನಿಲ್ಲಲಿಲ್ಲ, ಆದಕಾರಣ ಹವಳದ ಬೇಡಿಕೆಯೂ ನಿಲ್ಲಲಿಲ್ಲ.

ನಿಪ್ಪಾಣಿಯ ಮರಾಠಿ ಮನೆಗಳಲ್ಲಿ ಪೋವಳೆಯೆಂದೂ, ಪೂರ್ವಕ್ಕೆ ಸರಿದಂತೆ ಅಥಣಿಯ ಕಡೆ ಹವಳವೆಂದೂ ಕರೆಯಿಸಿಕೊಂಡ ಈ ಮಣಿಯು ಲಿಂಗಾಯತ, ಜೈನ, ಮರಾಠ, ಬ್ರಾಹ್ಮಣರೆಂಬ ಭೇದವೆಣಿಸದೆ ಎಲ್ಲರ ಮಂಗಳಸೂತ್ರವನ್ನೂ ಏರಿತು. ನವರತ್ನಗಳಲ್ಲಿ ಕುಜಗ್ರಹಕ್ಕೆ ಸಲ್ಲುವ ರತ್ನವಾದುದರಿಂದ ಜೋಯಿಸರು ಇದನ್ನು ಉಂಗುರದಲ್ಲಿ ಧರಿಸಲು ಹೇಳಿದರು. ದೃಷ್ಟಿದೋಷಕ್ಕೆಂದು ತಾಯಂದಿರು ಕೂಸಿನ ಕೊರಳಿಗೆ ಕಟ್ಟಿದರು. ವೈದ್ಯರು ಸುಟ್ಟು ಪ್ರವಾಳಭಸ್ಮವನ್ನು ಮಾಡಿದರು, ಸುಡಲೊಲ್ಲದವರು ಗುಲಾಬಿಯ ನೀರಿನಲ್ಲಿ ಅರೆದು ಬೆಳುದಿಂಗಳಲ್ಲಿಟ್ಟು ಪಿಷ್ಟಿಯನ್ನು ತಯಾರಿಸಿದರು. ರತ್ನಗಳಲ್ಲಿ ಬಡವರಿಗೆ ಎಟಕುವಂಥದು ಇದೊಂದೇ ಎಂದರೂ ಸಲ್ಲುತ್ತದೆ. ಹದಿನೇಳನೆಯ ಶತಮಾನದ ಫ್ರೆಂಚ್ ರತ್ನವರ್ತಕ ಟಾವರ್ನಿಯೆಯು ಹವಳಕ್ಕೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ಯುರೋಪಿನಲ್ಲಿ ಅಷ್ಟಾಗಿ ಗಣ್ಯವಲ್ಲದ ಇದನ್ನು ಏಷ್ಯದ ಸಾಮಾನ್ಯಜನ ಕೊರಳಿಗೂ ತೋಳಿಗೂ ಧರಿಸುವರೆಂದು ಹೇಳುವುದು ಈ ಕಾರಣದಿಂದಲೇ.

ಬಣ್ಣವನ್ನು ಕಾಪಾಡುವ ಕಲೆಯು ಇಲ್ಲಿಂದ ಮೊದಲಾಗುತ್ತದೆ. ಹವಳವು ತತ್ತ್ವತಃ ಸುಣ್ಣದ ಕಲ್ಲು. ಅದರ ಕಾಠಿಣ್ಯವು ಮೋಸ್ ಮಾನದಲ್ಲಿ ನಾಲ್ಕನ್ನು ಮೀರದು, ಎಂದರೆ ವಜ್ರ ಮಾಣಿಕ್ಯಗಳಿರಲಿ, ಅಂಗಳದ ಮರಳಿನ ಕಣವೂ ಅದನ್ನು ಗೀಚಬಲ್ಲುದು. ಆಮ್ಲವು ಸೋಂಕಿದೊಡನೆ ಅದರ ಮೈ ನೊರೆಯೆದ್ದು ಕರಗುತ್ತದೆ. ಬೆಂಕಿ ತಗುಲಿದರೆ ಬಣ್ಣ ಹಾರಿ ಬಿಳಿಚಿಕೊಳ್ಳುತ್ತದೆ. ಬಂಗಾರಕ್ಕೆ ಹುಣಿಸೆಯ ಹುಳಿಯೂ ಪತ್ತಾರನ ತೇಜಾಬೂ ಮೆರುಗು ತಂದರೆ, ಅವೇ ಹವಳಕ್ಕೆ ವಿಷ. ಆದಕಾರಣ ಒಡವೆಯನ್ನು ಬೆಳಗಿಸುವುದಕ್ಕೆ ಮುನ್ನ ಸರವನ್ನು ಬಿಚ್ಚಿ ಹವಳವನ್ನು ಬೇರೆಯಿಡಬೇಕು, ಬೆಸುಗೆಯ ಜ್ವಾಲೆ ತಾಗದಂತೆ ಕೆಲಸವೆಲ್ಲ ಮುಗಿದ ಮೇಲೆ ಪೋಣಿಸಬೇಕು. ಪಟವೇಗಾರನು ರೇಷ್ಮೆಯ ದಾರದಲ್ಲಿ ಮಣಿಮಣಿಯ ನಡುವೆ ಗಂಟಿಕ್ಕಿ ಪೋಣಿಸುತ್ತಿದ್ದುದು ಕೇವಲ ಅಂದಕ್ಕಲ್ಲ. ಒಂದಕ್ಕೊಂದು ಉಜ್ಜಿದರೆ ಮೃದುವಾದ ಹವಳದ ತೂತು ಸವೆದು ಅಂಚು ಒಡೆಯುತ್ತದೆ. ಮೈಯ ಬೆವರಿನಲ್ಲಿಯೂ ಆಮ್ಲದ ಅಂಶವಿರುವುದರಿಂದ ವರ್ಷಗಟ್ಟಲೆ ತೊಟ್ಟ ಹವಳದ ಮೆರುಗು ಮಂಕಾಗುತ್ತದೆ. ಒದ್ದೆಬಟ್ಟೆಯಿಂದ ಒರಸಿ, ಒಣಗಿಸಿ, ಅರಳೆಯಲ್ಲಿ ಸುತ್ತಿಡುವುದಕ್ಕಿಂತ ಹೆಚ್ಚಿನ ಉಪಚಾರವನ್ನು ಅದು ಬೇಡುವುದಿಲ್ಲ. ಹೀಗೆ ಇಟ್ಟುಕೊಂಡ ಮಣಿಗಳು ನಾಲ್ಕಾರು ತಲೆಮಾರುಗಳನ್ನು ಕಂಡೂ ಕೆಂಪಾಗಿಯೇ ಉಳಿದಿವೆ. ಏಕೆಂದರೆ ಆ ಕೆಂಪು ಮೇಲೆ ಬಳಿದುದಲ್ಲ, ಕಲ್ಲಿನ ಒಡಲಿನಲ್ಲಿಯೇ ಬೆರೆತಿರುವ ವರ್ಣದ್ರವ್ಯದ್ದು.

ಈ ವ್ಯಾಪಾರದ ಮರ್ಯಾದೆ ಕೆಟ್ಟುದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. 1875ರಿಂದ 1880ರ ವರೆಗಿನ ಅವಧಿಯಲ್ಲಿ ಸಿಸಿಲಿಯ ಷಾಕ್ಕಾ ಎಂಬ ಊರಿನ ಎದುರಿಗೆ, ಕಡಲ ತಳದಲ್ಲಿ ಸತ್ತು ರಾಶಿಬಿದ್ದಿದ್ದ ಹವಳದ ದಿಬ್ಬಗಳು ಒಂದರ ಹಿಂದೊಂದು ಸಿಕ್ಕಿ, ಪೇಟೆಗಳು ತುಂಬಿ ತುಳುಕಿ, ಬೆಲೆ ಕುಸಿಯಿತು. ಕಿತ್ತಳೆಯ ಛಾಯೆಯ ಆ ಮಾಲಿನ ಬಹುಭಾಗವು ಭಾರತಕ್ಕೇ ಬಂದಿತು. ತರುವಾಯ ಮೀರಜ ಬೆಳಗಾವಿಗಳ ನಡುವೆ ರೈಲು ಬಂದು ಶೇಡಬಾಳ, ಉಗಾರ, ಕುಡಚಿ, ರಾಯಬಾಗಗಳಲ್ಲಿ ನಿಲ್ಲತೊಡಗಿದ ಮೇಲೆ ಮುಂಬಯಿಯ ಗಾಜಿನ ಮಣಿಗೂ ದಾರಿ ಸುಗಮವಾಯಿತು. ಈಗ ಚಿಂಚಲಿಯ ಮಾಯಕ್ಕನ ಜಾತ್ರೆಯಂಥ ಕಡೆ ಕೆಂಪು ಮಣಿಯೆಂದು ಕಾಣುವುದರಲ್ಲಿ ಗಾಜು, ಪ್ಲಾಸ್ಟಿಕ್, ಬಣ್ಣ ಹಾಕಿದ ಬಿದಿರುಹವಳಗಳ ಪಾಲೇ ಹೆಚ್ಚು. ಅದನ್ನು ಕೊಳ್ಳುವವರನ್ನು ದೂರಲಾಗದು: ನಿಜವಾದ ಹವಳವು ದಪ್ಪದಲ್ಲಿ ವರ್ಷಕ್ಕೆ ಅರ್ಧ ಮಿಲಿಮೀಟರಿನಷ್ಟೂ ಬೆಳೆಯುವುದಿಲ್ಲ; ಜೋಳದ ಕಾಳಿನಷ್ಟು ಮಣಿಗೂ ದಶಕಕ್ಕೆ ಮಿಕ್ಕ ಕಾಲ ಬೇಕು.

ಇಷ್ಟೆಲ್ಲ ಆದರಿಸಿದರೂ ನಮ್ಮ ಹಿರಿಯರು ಹವಳವನ್ನು ಜೀವಿಯೆಂದು ಭಾವಿಸಿರಲಿಲ್ಲ, ಯುರೋಪಿನವರೂ ಭಾವಿಸಿರಲಿಲ್ಲ. 1720ರ ದಶಕದಲ್ಲಿ ಪೇಸೊನೆಲ್ ಎಂಬ ಫ್ರೆಂಚ್ ವೈದ್ಯನು ಹವಳದ ‘ಹೂ’ಗಳೆನಿಸಿದ್ದುವು ನಿಜಕ್ಕೂ ಪುಟ್ಟ ಪ್ರಾಣಿಗಳೆಂದು ತೋರಿಸಿದಾಗ, ಪ್ಯಾರಿಸಿನ ಪಂಡಿತರು ಅವನ ಮಾನವುಳಿಸಲೆಂದು ಹೆಸರನ್ನು ಮರೆಮಾಚಿಯೇ ಆ ಮಾತನ್ನು ತಳ್ಳಿಹಾಕಿದರು. ಪ್ರಾಣಿಯೆಂದು ಒಪ್ಪಿದ ಮೇಲೆ ಅದನ್ನು ಮನೆಯಲ್ಲಿ ಸಾಕುವ ಆಸೆ ಹುಟ್ಟುವುದಕ್ಕೆ ಹೆಚ್ಚು ಕಾಲ ಹಿಡಿಯಲಿಲ್ಲ. 1846ರಲ್ಲಿ ಅನ್ನಾ ಥಿನ್ ಎಂಬ ಆಂಗ್ಲ ಮಹಿಳೆಯು ಇಂಗ್ಲೆಂಡಿನ ಟಾರ್ಕೀ ಕರಾವಳಿಯಿಂದ ಕೆಲವು ಕಲ್ಲುಹವಳಗಳನ್ನು ಲಂಡನ್ನಿನ ತನ್ನ ಮನೆಗೆ ತಂದು, ತೊಟ್ಟಿಯ ನೀರು ಕೆಡದಂತೆ ಅದನ್ನು ತೆರೆದ ಕಿಟಕಿಯ ಮುಂದೆ ಪಾತ್ರೆಯಿಂದ ಪಾತ್ರೆಗೆ ದಿನವೂ ಅರ್ಧ ಮುಕ್ಕಾಲು ಗಂಟೆ ಸುರಿಸುತ್ತ ವರ್ಷಗಳ ಕಾಲ ಬದುಕಿಸಿದಳು. ಸುರಿಯುವ ಕೆಲಸ ಮನೆಗೆಲಸದವಳದಾಗಿತ್ತು. ಕೀರ್ತಿಯ ಹಂಚಿಕೆಯಲ್ಲಿ ಅವಳಿಗೆ ಪಾಲು ಬರಲಿಲ್ಲ. ಉಷ್ಣಸಮುದ್ರದ ಬಂಡೆಹವಳವನ್ನು ಸಾಕುವ ವಿದ್ಯೆ ಇದಕ್ಕೆ ಶತಮಾನದಷ್ಟು ಹಿಂದುಳಿಯಿತು. 1961ರಲ್ಲಿ ಜಕಾರ್ತದ ಲೀ ಚಿನ್ ಎಂಗ್ ಎಂಬಾತನು ಜೀವಾಣುಗಳಿಂದ ತುಂಬಿದ ಸಮುದ್ರಶಿಲೆ, ಸ್ವಲ್ಪ ಗಾಳಿ, ಧಾರಾಳವಾದ ಬಿಸಿಲು ಇಷ್ಟರಿಂದಲೇ ಅದು ಸಾಧ್ಯವೆಂದು ಪ್ರಕಟಿಸಿದನು. ಮುಂದೆ ಬರ್ಲಿನ್ನಿನ ಹವ್ಯಾಸಿಗಳು ಆ ಕ್ರಮವನ್ನು ತಿದ್ದಿ ಬೆಳೆಸಿದರು. ಜರ್ಮನರು ರೂಢಿಗೆ ತಂದ ಮುಖ್ಯ ಪೋಷಣದ್ರವವು, ಎಲೆಯಡಕೆಯ ತಟ್ಟೆಯ ನಾಡಿನವರಾದ ನಮಗೆ ಚಿರಪರಿಚಿತವಾದ ಸುಣ್ಣದ ತಿಳಿನೀರಲ್ಲದೆ ಬೇರೆಯಲ್ಲ.

ಬಂಡೆಹವಳದ ಬಣ್ಣದ ಗುಟ್ಟು ಆಭರಣದ ಹವಳದ್ದಕ್ಕಿಂತ ಮೂಲತಃ ಬೇರೆ. ಇದರ ಎಲುಬು ಬೆಳ್ಳಗೆ; ಬಣ್ಣವೆಲ್ಲ ಮೇಲಿನ ಜೀವಂತ ಚರ್ಮದ್ದು. ಆ ಚರ್ಮದೊಳಗೆ ಬರಿಗಣ್ಣಿಗೆ ಕಾಣದ ಏಕಕೋಶದ ಪಾಚಿಗಳು ಬಾಡಿಗೆಯಿದ್ದು, ಬೆಳಕಿನಿಂದ ತಾವು ತಯಾರಿಸಿದ ಆಹಾರದ ಬಹುಪಾಲನ್ನು ಬಾಡಿಗೆಯಾಗಿ ಸಲ್ಲಿಸುತ್ತವೆ. ಅವುಗಳದು ಕಂದುಬಣ್ಣ; ಹಸಿರು, ನೀಲಿ, ನೇರಿಳೆ, ಗುಲಾಬಿಗಳು ಹವಳವೇ ತಯಾರಿಸುವ ಪ್ರೋಟೀನುಗಳವು. ನೀರಿನಲ್ಲಿ ನೈಟ್ರೇಟು ಫಾಸ್ಫೇಟುಗಳು ಹೆಚ್ಚಿದರೆ ಬಾಡಿಗೆದಾರರು ಮಿತಿಮೀರಿ ಹೆಚ್ಚಿ ಹವಳವೆಲ್ಲ ಕಂದಾಗುತ್ತದೆ. ಅವು ತೀರ ಇಲ್ಲವಾದರೆ ಹವಳ ಸೊರಗಿ ಪೇಲವವಾಗುತ್ತದೆ. ಬಿಸಿ ಹೆಚ್ಚಿದರೆ ಪಾಚಿಯನ್ನೇ ಹೊರಗಟ್ಟಿ ಬೆಳ್ಳಗಾಗಿ ಸಾವಿನ ಅಂಚಿಗೆ ಬರುತ್ತದೆ. ಆದುದರಿಂದ ತೊಟ್ಟಿಯ ನೀರು 25ರಿಂದ 27 ಡಿಗ್ರಿ ಸೆಲ್ಸಿಯಸಿನಲ್ಲಿಯೂ, ಉಪ್ಪು ಲೀಟರಿಗೆ 35 ಗ್ರಾಂ ಆಸುಪಾಸಿನಲ್ಲಿಯೂ, ಕ್ಯಾಲ್ಸಿಯಂ 420 ಮಿಲಿಗ್ರಾಮಿನ ಹತ್ತಿರವೂ, ಮೆಗ್ನೀಸಿಯಂ 1,300ರ ಸುತ್ತಲೂ ಏರುಪೇರಿಲ್ಲದೆ ನಿಲ್ಲಬೇಕು. ಹವಳವು ಸಂಖ್ಯೆಯ ಕೊಂಚ ಕೊರತೆಯನ್ನಾದರೂ ಸಹಿಸೀತು, ಚಾಂಚಲ್ಯವನ್ನು ಸಹಿಸದು.

ಇದನ್ನು ನಮ್ಮ ಸೀಮೆಗೆ ಅನ್ವಯಿಸಿ ನೋಡೋಣ. ನದಿಯ ನೀರಾವರಿ ಅತಿಯಾಗಿ ಸವಳು ಜವಳುಗಳಿಂದ ಹೊಲಗಳು ಕೆಟ್ಟಿರುವ ಈ ತಾಲ್ಲೂಕುಗಳಲ್ಲಿ ಉಪ್ಪಿಗೆ ಕೊರತೆಯಿಲ್ಲವೆಂದು ವಿನೋದಕ್ಕೆ ಹೇಳಬಹುದು. ಆದರೆ ಆ ಉಪ್ಪು ಕಡಲಿನದಲ್ಲ. ಕಬ್ಬಿನ ಗದ್ದೆಗೆ ಸುರಿದ ಗೊಬ್ಬರವು ಇಳಿಯುವ ಅಂತರ್ಜಲವನ್ನು ತೊಟ್ಟಿಗೆ ಸುರಿದರೆ ಹವಳಕ್ಕೆ ಒದಗುವುದು ಮೇಲೆ ಹೇಳಿದ ಕಂದುಬಣ್ಣವೇ. ಹನಿಹನಿಯನ್ನೂ ಸೋಸಿ, ಲವಣಗಳನ್ನೆಲ್ಲ ತೆಗೆದು, ಮರಳಿ ಕಡಲಿನ ಲವಣಗಳನ್ನು ಅಳೆದು ಬೆರೆಸಬೇಕು. ವೈಶಾಖದ ಬಿಸಿಲಿನಲ್ಲಿ ಅಥಣಿಯ ಮನೆಯೊಳಗೆ ನೀರನ್ನು 27 ಡಿಗ್ರಿಗೆ ಇಳಿಸಲು ತಂಪುಯಂತ್ರವು ಹಗಲಿರುಳು ಓಡಬೇಕು. ವಿದ್ಯುತ್ತು ಹೋಗಿ ಪಂಪು ನಿಂತರೆ ನೀರಿನ ಆಮ್ಲಜನಕವು ಇಳಿಯುತ್ತ ಹೋಗುತ್ತದೆ. ಆಗ ಅನ್ನಾ ಥಿನ್‌ಳ ಮನೆಗೆಲಸದವಳಂತೆ ನೀರನ್ನು ಸುರಿಯುತ್ತ ಕೂರದೆ ಗತಿಯಿಲ್ಲ. ಇವೆಲ್ಲ ಅಸಾಧ್ಯವೇನಲ್ಲ, ಹಣವೂ ಸಹನೆಯೂ ಇದ್ದವನು ಇದನ್ನು ಸಾಧಿಸಿಯಾನು.

ಸಾಧಿಸಬೇಕೇ ಎಂಬುದು ಬೇರೆಯ ಪ್ರಶ್ನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ಬಂಡೆಕಟ್ಟುವ ಹವಳಗಳೆಲ್ಲವೂ ಸೇರಿದುವು. ಎಂದರೆ ಭಾರತದ ಕಡಲಿನಿಂದ ಅವನ್ನು ಕಿತ್ತು ಮಾರುವುದು ಹುಲಿಯನ್ನು ಬೇಟೆಯಾಡಿದಷ್ಟೇ ದೊಡ್ಡ ಅಪರಾಧ. ಪ್ಲಿನಿಯ ಕಾಲದಲ್ಲಿ ನಮ್ಮ ಬಯಕೆಯು ಪರದೇಶದ ಕಡಲನ್ನು ಬರಿದುಮಾಡಿತೆಂಬ ಮಾತು ಸತ್ಯವಾಗಿದ್ದರೆ, ಈಗಿನ ಬಯಕೆಯು ಸ್ವದೇಶದ ಕಡಲನ್ನೇ ಬರಿದುಮಾಡೀತು. 1998, 2010, 2016, 2024ರ ಬೇಗೆಗಳಲ್ಲಿ ಲಕ್ಷದ್ವೀಪದ ಹವಳಗಳು ಮತ್ತೆಮತ್ತೆ ಬೆಳ್ಳಗಾಗಿವೆ. ಅಂಥ ಕಾಲದಲ್ಲಿ ಉಳಿದುದರ ಮೇಲೆ ಕೈಯಿಡುವುದನ್ನು ಹವ್ಯಾಸವೆಂದು ಕರೆಯಲು ನನಗೆ ಮನಸ್ಸೊಪ್ಪದು. ಜೀವಂತ ಹವಳವನ್ನು ಬಣ್ಣಬಣ್ಣವಾಗಿ ನೋಡಬಯಸುವ ಚಿಕ್ಕೋಡಿಯ ತರುಣನು ತೊಟ್ಟಿಗೆ ಸುರಿಯುವ ಹಣದ ಒಂದಂಶದಲ್ಲಿ ಮುರುಡೇಶ್ವರಕ್ಕೆ ಹೋಗಿ, ದೋಣಿಯಲ್ಲಿ ನೇತ್ರಾಣಿ ದ್ವೀಪವನ್ನು ಮುಟ್ಟಿ, ಅಲ್ಲಿನ ನೀರಿಗಿಳಿದು ನೋಡಿ ಬರಬಹುದು.

ಮನೆಯಲ್ಲಿಯೇ ಕಾಪಾಡಬೇಕಾದ ಹವಳವು ನಮ್ಮಲ್ಲಿ ಬೇರೆ ಉಂಟು. ಹಳೆಯ ತಾಳಿಯ ಸರವನ್ನು ಮುರಿಸಿ ಹೊಸದನ್ನು ಮಾಡಿಸುವಾಗ ಅಂಗಡಿಯವರು ಬಂಗಾರವನ್ನು ಮಾತ್ರ ತೂಗುತ್ತಾರೆ. ಹವಳಕ್ಕೆ ತೂಕದಲ್ಲಿ ಬೆಲೆಯಿಲ್ಲವೆಂದು ಅದು ಕಸದ ಪಾಲಾಗುತ್ತದೆ. ಹಾಗಾಗಗೊಡದೆ, ಆ ಮಣಿಗಳನ್ನು ಕೇಳಿ ಹಿಂದಕ್ಕೆ ಪಡೆಯಿರಿ. ಹುಣಿಸೆಹಣ್ಣು ಸೋಂಕಿಸದೆ ಒದ್ದೆಬಟ್ಟೆಯಿಂದ ಒರಸಿ ಅರಳೆಯಲ್ಲಿಡಿ. ಯಾವ ಅಜ್ಜಿಯದು, ಯಾವ ಊರಿನಿಂದ ಬಂದುದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗೆ ಸೇರಿಸಿ.